ನಿಂತಲ್ಲಿಂದಲೇ ಜಿಗಿದ ಎಂಜಿನಿಯರ್

ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಗೆ ತಯಾರಾಗುವ ಹುಡುಗರಿಗೆಲ್ಲ ಎರಡು ಅಂಕಿ ಬಾಯಿಪಾಠ. ಉದ್ದ ಜಿಗಿತ 3.80 ಮೀಟರ್, ಇಲ್ಲವೇ ಎತ್ತರ ಜಿಗಿತ 1.20 ಮೀಟರ್. ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣದಲ್ಲಿ ನನ್ನ ಜೊತೆ ಅಭ್ಯಾಸ ಮಾಡುವ ಹೊಸದುರ್ಗ, ಹೊಳಲ್ಕೆರೆ ಕಡೆಯ ಗೆಳೆಯರ ಬಾಯಲ್ಲೂ ಇದೇ ಲೆಕ್ಕ. ಓಡಿ ಬಂದು ಜಿಗಿದರೂ ಒಮ್ಮೊಮ್ಮೆ ಕೈಕೊಡುವ ಅಳತೆಗಳಿವು. ಆದರೆ 120 ವರ್ಷಗಳ ಹಿಂದೆ ಒಬ್ಬರು ಒಂದು ಹೆಜ್ಜೆಯೂ ಓಡದೆ, ನಿಂತಲ್ಲಿಂದಲೇ 1.65 ಮೀಟರ್ ಎತ್ತರಕ್ಕೂ 3.47 ಮೀಟರ್ ದೂರಕ್ಕೂ ಜಿಗಿದಿದ್ದರು. ಅವರೇ ಅಮೆರಿಕದ ರೇ ಯೂರಿ. ಬಾಲ್ಯದಲ್ಲಿ ಅವರು ಗಾಲಿಕುರ್ಚಿಯಲ್ಲಿದ್ದವರು ಎಂದು ಓದಿದಾಗ ಅವರ ಬದುಕನ್ನು ಪೂರ್ತಿ ತಿಳಿಯಬೇಕೆನಿಸಿತು.

ಯೂರಿ ಹುಟ್ಟಿದ್ದು 1873ರಲ್ಲಿ, ಇಂಡಿಯಾನಾ ರಾಜ್ಯದ ಲಫಯೆಟ್ ಊರಿನಲ್ಲಿ. ಚಿಕ್ಕಂದಿನಲ್ಲೇ ಪೋಲಿಯೊ ಬಂತು. ಆಗ ಲಸಿಕೆ ಇರಲಿಲ್ಲ. ಜೀವನಪೂರ್ತಿ ಕಾಲು ಬರಲಿಕ್ಕಿಲ್ಲ ಎಂಬ ಭಯವಿತ್ತು. ಬಾಲಕ ತನ್ನಷ್ಟಕ್ಕೆ ಕಾಲಿನ ವ್ಯಾಯಾಮ ಶುರು ಮಾಡಿದ. ಮೊದಲು ನಡಿಗೆ ಬಂತು, ಆಮೇಲೆ ಜಿಗಿತ. ಪರ್ಡ್ಯೂ ವಿಶ್ವವಿದ್ಯಾಲಯ ಸೇರುವ ಹೊತ್ತಿಗೆ ಅವರು ಅಥ್ಲೀಟ್ ಆಗಿದ್ದರು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಲೇ ಅಲ್ಲಿನ ಅಥ್ಲೆಟಿಕ್ಸ್ ತಂಡಕ್ಕೆ ನಾಯಕರೂ ಆದರು.

1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜುಲೈ 16ರಂದು ಒಂದೇ ದಿನ ಮೂರು ಚಿನ್ನ ಗೆದ್ದರು. ನಿಂತಲ್ಲಿಂದ ಎತ್ತರ ಜಿಗಿತ, ಉದ್ದ ಜಿಗಿತ, ತ್ರಿವಿಧ ಜಿಗಿತ, ಮೂರರಲ್ಲೂ ಅವರೇ ಮೊದಲಿಗರು. 1904ರ ಸೇಂಟ್ ಲೂಯಿಸ್‌ನಲ್ಲಿ ಮತ್ತೆ ಅವೇ ಮೂರು. 1908ರ ಲಂಡನ್‌ನಲ್ಲಿ, 34ರ ವಯಸ್ಸಿನಲ್ಲಿ, ಇನ್ನೆರಡು. ಒಟ್ಟು ಎಂಟು ವೈಯಕ್ತಿಕ ಚಿನ್ನ. 1906ರ ಅಥೆನ್ಸ್ ಕೂಟದ ಎರಡು ಚಿನ್ನ ಈಗಿನ ಅಧಿಕೃತ ಲೆಕ್ಕದಲ್ಲಿಲ್ಲ. ಆ ಎಂಟನ್ನು ದಾಟಲು ಈಜುಗಾರ ಮೈಕೆಲ್ ಫೆಲ್ಪ್ಸ್ 2008ರಲ್ಲಿ ಬರಬೇಕಾಯಿತು.

ಇಷ್ಟೆಲ್ಲ ಗೆದ್ದರೂ ಅವರ ಹೊಟ್ಟೆ ತುಂಬಿಸಿದ್ದು ಆಟವಲ್ಲ. ಆಗಿನ ಒಲಿಂಪಿಕ್ಸ್ ಹವ್ಯಾಸಿಗಳ ಕೂಟ, ಬಹುಮಾನದ ಹಣವಿಲ್ಲ. ಯೂರಿ ನ್ಯೂಯಾರ್ಕ್ ನಗರದ ನೀರು ಪೂರೈಕೆ ಕೆಲಸದಲ್ಲಿ ಎಂಜಿನಿಯರ್ ಆಗಿದ್ದರು. ಆ ನಗರಕ್ಕೆ ನೀರು ಕೊಡುವ ಅಶೋಕನ್ ಜಲಾಶಯದ ಯೋಜನೆಯಲ್ಲಿ ಅವರ ಪಾಲೂ ಇತ್ತು. ಹೆಸರಿಗೂ ನಮ್ಮ ಅಶೋಕನಿಗೂ ಸಂಬಂಧವಿಲ್ಲ! ಆದರೆ ಹಿರಿಯೂರು ಸೀಮೆಯವನಾದ ನನಗೆ ಅದು ದೂರದ ವಿಷಯ ಅನಿಸಲಿಲ್ಲ. ವೇದಾವತಿಗೆ ಕಟ್ಟಿದ ನಮ್ಮ ಮಾರಿಕಣಿವೆ ಮುಗಿದದ್ದು 1907ರಲ್ಲಿ. ಅಶೋಕನ್ ಕಾಮಗಾರಿ ಶುರುವಾದದ್ದೂ ಅದೇ ವರ್ಷ.

ಮುಂದೆ ಆದದ್ದು ನನ್ನನ್ನು ಹೆಚ್ಚು ಕಾಡಿತು. ನಿಂತಲ್ಲಿಂದ ತ್ರಿವಿಧ ಜಿಗಿತವನ್ನು 1904ರ ನಂತರ ಒಲಿಂಪಿಕ್ಸ್‌ನಿಂದ ಕೈಬಿಟ್ಟರು. ಉಳಿದೆರಡೂ 1912ಕ್ಕೆ ಮುಗಿದವು. ಜಗತ್ತಿನಲ್ಲೇ ಮೊದಲಿಗರಾಗಿದ್ದ ವಿದ್ಯೆಗೆ ಸ್ಪರ್ಧೆಯೇ ಇಲ್ಲವಾಯಿತು. ಆದರೆ ಕಲಿತ ಎಂಜಿನಿಯರಿಂಗ್ ಕೈಬಿಡಲಿಲ್ಲ. 1937ರಲ್ಲಿ ಅವರು ತೀರಿಕೊಂಡರು. ನಿಂತು ಜಿಗಿಯುವುದು ಮಾತ್ರ ಪೂರ್ತಿ ಸಾಯಲಿಲ್ಲ. ಕಾಲಿನ ಶಕ್ತಿ ಅಳೆಯಲು ದೈಹಿಕ ಶಿಕ್ಷಕರು ಈಗಲೂ ಮಕ್ಕಳಿಂದ ಅದನ್ನು ಮಾಡಿಸುತ್ತಾರೆ.

ಇಂಥ ಕಥೆಗಳ ಕೊನೆಗೆ ಛಲವಿದ್ದರೆ ಎಲ್ಲವೂ ಸಾಧ್ಯ ಎಂದು ಬರೆಯುವುದು ವಾಡಿಕೆ. ನನಗೆ ಹಾಗೆ ಬರೆಯಲು ಮನಸ್ಸು ಬರುವುದಿಲ್ಲ. ನಮ್ಮ ದೊಡ್ಡಪ್ಪನ ಮಗಳಿಗೂ ಪೋಲಿಯೊ ಆಗಿತ್ತು. ಅಕ್ಕ ಈಗಲೂ ಕಾಲಿಗೆ ಕ್ಯಾಲಿಪರ್ ಕಟ್ಟಿಕೊಂಡು ಬಸ್ಸು ಹತ್ತಿ ಹೊಳಲ್ಕೆರೆಗೆ ಹೋಗಿ ಹೊಲಿಗೆ ಅಂಗಡಿ ನಡೆಸುತ್ತಾಳೆ. ಅವಳ ಛಲ ಯಾರಿಗೂ ಕಡಿಮೆಯದಲ್ಲ. ಪೋಲಿಯೊ ನರಗಳಿಗೆ ಎಷ್ಟು ಹಾನಿ ಮಾಡಿದೆ ಎಂಬುದರ ಮೇಲೆ ಕೆಲವರ ಕಾಲು ಚೇತರಿಸುತ್ತದೆ, ಕೆಲವರದು ಇಲ್ಲ. ಕಾಲು ಬಾರದವರು ಪ್ರಯತ್ನ ಮಾಡಲಿಲ್ಲ ಎಂದು ಯೂರಿಯ ಹೆಸರು ಹೇಳಿ ಅವರನ್ನು ಅಳೆಯುವುದು ಅನ್ಯಾಯ. ನಮ್ಮ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ತಂದದ್ದು ಎಡಗಾಲಿನ ಊನ ವಾಸಿಯಾಗಿ ಅಲ್ಲ, ಅದರ ಜೊತೆಗೇ. ಅದಕ್ಕೊಂದು ಕಣ ಬೇಕಿತ್ತು. ಯೂರಿಯ ಕಾಲಕ್ಕೆ ಅಂಥ ಕಣ ಇರಲಿಲ್ಲ. ಮೊದಲ ಪ್ಯಾರಾಲಿಂಪಿಕ್ಸ್ ನಡೆದದ್ದು 1960ರಲ್ಲಿ, ರೋಮ್‌ನಲ್ಲಿ.

ಹಾಗಾದರೆ ನಮ್ಮಂಥವರಿಗೆ ಯೂರಿಯಿಂದ ಸಿಗುವುದೇನು? ಆಟವೋ ಕೆಲಸವೋ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ದಿನವೂ ಏಳುತ್ತದೆ. ಅವರು ಎರಡನ್ನೂ ಕೈಯಲ್ಲಿ ಹಿಡಿದಿದ್ದರು. ನಮ್ಮಲ್ಲೂ ಅಧಿಸೂಚನೆ ಮುಂದಕ್ಕೆ ಹೋಗುತ್ತದೆ, ಪಠ್ಯಕ್ರಮ ಬದಲಾಗುತ್ತದೆ, ನೋಡನೋಡುತ್ತ ವಯೋಮಿತಿ ಮೀರುತ್ತದೆ. ಒಂದೇ ಪರೀಕ್ಷೆಯನ್ನು ನಂಬಿ ಕೂತವರಿಗೆ ಆಗ ನಿಲ್ಲಲು ನೆಲವಿರುವುದಿಲ್ಲ. ಕ್ರೀಡಾಂಗಣಕ್ಕೆ ಹೋಗೋಣ, ಮನಸಾರೆ ಜಿಗಿಯೋಣ. ಜೊತೆಗೆ ಯಾರೂ ರದ್ದು ಮಾಡಲಾಗದ ಒಂದು ಕೆಲಸವನ್ನೂ ಕಲಿತಿಟ್ಟುಕೊಳ್ಳೋಣ.