ಹರ್ಬರ್ಟ್ ಅಕ್ರಾಯ್ಡ್ ಸ್ಟುವರ್ಟ್: ಹೆಸರು ದಕ್ಕದ ತೈಲ ಎಂಜಿನಿನ ಜನಕ

ಡೀಸೆಲ್ ಎಂಬುದು ಈಗ ಕನ್ನಡದ್ದೇ ಪದವಾಗಿದೆ. ಲಾರಿ, ಟ್ರ್ಯಾಕ್ಟರು, ಮಲ್ಪೆಯ ಮೀನುಗಾರಿಕೆ ದೋಣಿ ಎಲ್ಲವೂ ಆ ಹೆಸರಿನ ಎಣ್ಣೆಯನ್ನೇ ಕುಡಿಯುತ್ತವೆ. ಹೆಸರಿನ ಹಿಂದಿರುವ ಜರ್ಮನ್ ಎಂಜಿನಿಯರ್ ರುಡಾಲ್ಫ್ ಡೀಸೆಲ್ ತನ್ನ ಯಂತ್ರವನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದ್ದು 1897ರಲ್ಲಿ. ಅದಕ್ಕೆ ಐದು ವರ್ಷ ಮೊದಲೇ ಇಂಗ್ಲೆಂಡಿನ ಗ್ರ್ಯಾಂಥಮ್ ಪಟ್ಟಣದಲ್ಲಿ ತಯಾರಾದ ಭಾರತೈಲದ ಎಂಜಿನುಗಳು ಮಾರುಕಟ್ಟೆಗೆ ಬಂದಿದ್ದವು. ಅವುಗಳ ನಿರ್ಮಾತೃ ಹರ್ಬರ್ಟ್ ಅಕ್ರಾಯ್ಡ್ ಸ್ಟುವರ್ಟ್. ಲೀಡ್ಸಿನಲ್ಲಿ ನೆಲೆಸಿ, ಬಿಡುವಿನ ದಿನಗಳಲ್ಲಿ ಕಾಲುವೆ ದೋಣಿಗಳ ಎಂಜಿನು, ಟ್ಯಾಂಕುಗಳೊಡನೆ ಕಾಲ ಕಳೆಯುವ ನನಗೆ ಈತನ ಬಾಳು ಬಹುಕಾಲದಿಂದ ಕುತೂಹಲದ ವಿಷಯ. ಈತ ಹುಟ್ಟಿದ ಊರು ನಮ್ಮ ನೆರೆಯ ಹ್ಯಾಲಿಫ್ಯಾಕ್ಸ್.

ಅಕ್ರಾಯ್ಡ್ ಸ್ಟುವರ್ಟ್ ಜನಿಸಿದ್ದು 1864ರ ಜನವರಿ 28ರಂದು. ತಂದೆ ಚಾರ್ಲ್ಸ್ ಸ್ಟುವರ್ಟ್ ದಕ್ಷಿಣಕ್ಕೆ ಹೋಗಿ ಬ್ಲೆಚ್ಲಿಯ ಬಳಿ ಕಬ್ಬಿಣ ಮತ್ತು ತವರದ ತಗಡಿನ ಕಾರ್ಖಾನೆ ಸ್ಥಾಪಿಸಿದರು. ಮಗನ ಪ್ರಯೋಗಶಾಲೆಯೂ ಅದೇ ಆಯಿತು. 1885ರಲ್ಲಿ, ಕರಗಿದ ತವರದ ಪಾತ್ರೆಯೊಳಗೆ ಸೀಮೆಎಣ್ಣೆ ಚೆಲ್ಲಿ, ಕ್ಷಣಾರ್ಧದಲ್ಲಿ ಆವಿಯಾಗಿ, ಹತ್ತಿರದ ದೀಪದಿಂದ ಹೊತ್ತಿಕೊಂಡಿತಂತೆ. ಕಂಡವರಿಗೆ ಅದು ಅಪಘಾತ. ಇಪ್ಪತ್ತೊಂದರ ಹರೆಯದ ಆ ತರುಣನಿಗೆ ಅದು ಸುಳಿವು. ಬಿಸಿಯಾದ ಲೋಹದ ಮೇಲೆ ಅಗ್ಗದ ಎಣ್ಣೆಯನ್ನು ಸಿಂಪಡಿಸಿದರೆ ಎಂಜಿನನ್ನು ನಡೆಸಬಹುದಲ್ಲವೇ ಎಂಬ ಯೋಚನೆ ಅಲ್ಲಿಂದ ಮೊಳೆಯಿತು.

1886ರಿಂದ ಮಾದರಿಗಳು ತಯಾರಾದವು. 1890ರಲ್ಲಿ ಚಾರ್ಲ್ಸ್ ರಿಚರ್ಡ್ ಬಿನ್ನಿಯವರೊಡನೆ ಮುಖ್ಯವಾದ ಹಕ್ಕುಪತ್ರ ದೊರೆಯಿತು. ಆ ಎಂಜಿನಿನ ತತ್ತ್ವ ಸರಳ. ಸಿಲಿಂಡರು ಶುದ್ಧ ಗಾಳಿಯನ್ನಷ್ಟೇ ಒಳಗೆಳೆದುಕೊಳ್ಳುತ್ತದೆ. ಪುಟ್ಟ ಪಂಪು ಎಣ್ಣೆಯನ್ನು ಸಿಲಿಂಡರಿನ ತುದಿಯಲ್ಲಿರುವ ಬಿಸಿಯಾದ ಗುಂಡು ಕೋಣೆಗೆ ಚಿಮ್ಮಿಸುತ್ತದೆ. ಕಿರಿದಾದ ಕತ್ತಿನ ಮೂಲಕ ಒತ್ತಿ ಬಂದ ಗಾಳಿ ಅಲ್ಲಿಯ ಆವಿಯೊಡನೆ ಬೆರೆತಾಗ ದಹನವಾಗುತ್ತದೆ. ಮೊದಲು ಊದುದೀಪದಿಂದ ಕೋಣೆಯನ್ನು ಕಾಯಿಸಬೇಕು. ಆಮೇಲೆ ದಹನದ ಶಾಖವೇ ಅದನ್ನು ಬಿಸಿಯಾಗಿರಿಸುತ್ತದೆ. ವಿದ್ಯುತ್ ಕಿಡಿಯ ಅಗತ್ಯವಿಲ್ಲ.

1891ರಲ್ಲಿ ಲಿಂಕನ್‌ಶೈರಿನ ಗ್ರ್ಯಾಂಥಮ್‌ನ ರಿಚರ್ಡ್ ಹಾರ್ನ್ಸ್‌ಬಿ ಅಂಡ್ ಸನ್ಸ್ ಸಂಸ್ಥೆ ತಯಾರಿಕೆಯ ಹಕ್ಕು ಪಡೆಯಿತು. 1892ರಿಂದ ಮಾರಾಟ ಆರಂಭವಾಗಿ, ಒಟ್ಟು 32,000ದಷ್ಟು ಎಂಜಿನುಗಳು ಹೊರಬಂದವು. ನೀರೆತ್ತುವ ಸ್ಥಾವರಗಳಿಗೆ, ದೀಪಸ್ತಂಭಗಳಿಗೆ, ವಿದ್ಯುತ್ ಉತ್ಪಾದನೆಗೆ ಅವು ಆಸರೆಯಾದವು. 1901ರಲ್ಲಿ ಮಾರ್ಕೋನಿ ಅಟ್ಲಾಂಟಿಕ್ ದಾಟಿಸಿದ ನಿಸ್ತಂತು ಸಂಕೇತಕ್ಕೆ ಕಾರ್ನ್‌ವಾಲಿನ ಪೋಲ್ದುವಿನಲ್ಲಿ ಶಕ್ತಿ ಒದಗಿಸಿದ್ದೂ ಇಂಥದೇ ಎಂಜಿನು.

ಹಾಗಿದ್ದೂ ಕೀರ್ತಿ ಡೀಸೆಲನ ಪಾಲಾದದ್ದೇಕೆ? ನ್ಯಾಯವಾಗಿ ಹೇಳಬೇಕೆಂದರೆ, ಇಬ್ಬರ ಯಂತ್ರಗಳೂ ಒಂದೇ ಅಲ್ಲ. ಅಕ್ರಾಯ್ಡ್ ಸ್ಟುವರ್ಟನದು ಕಡಿಮೆ ಒತ್ತಡದ ಯಂತ್ರ. ಬೆಂಕಿ ಹೊತ್ತಲು ಬಿಸಿ ಗೋಡೆಯ ನೆರವು ಬೇಕು. ಡೀಸೆಲ್ ಗಾಳಿಯನ್ನು ಅತಿಯಾಗಿ ಒತ್ತಿ, ಆ ಶಾಖದಿಂದಲೇ ಎಣ್ಣೆ ಉರಿಯುವಂತೆ ಮಾಡಿದನು. ಅದರಿಂದ ಇಂಧನದ ಉಳಿತಾಯ ಬಹಳ ಹೆಚ್ಚಾಯಿತು. ಆದರೆ ಡೀಸೆಲ್ ಎಣ್ಣೆಯನ್ನು ಒಳನುಗ್ಗಿಸಿದ್ದು ಪ್ರತ್ಯೇಕ ಕಂಪ್ರೆಸರಿನ ಗಾಳಿಯ ಬಲದಿಂದ. ಆ ಭಾರವಾದ ಸಲಕರಣೆ ಕಾಲಕ್ರಮದಲ್ಲಿ ಮರೆಯಾಯಿತು. ಇಂದಿನ ಎಂಜಿನುಗಳಲ್ಲಿ ಪಂಪು ಎಣ್ಣೆಯನ್ನು ನೇರವಾಗಿ ಚಿಮ್ಮಿಸುತ್ತದೆ. ಅದು ಅಕ್ರಾಯ್ಡ್ ಸ್ಟುವರ್ಟನ ದಾರಿಗೇ ಹತ್ತಿರ. ಆದ್ದರಿಂದ ನಾವು ಬಳಸುವ ಎಂಜಿನಿನಲ್ಲಿ ಒಬ್ಬನ ಒತ್ತಡವೂ ಇನ್ನೊಬ್ಬನ ಪಂಪೂ ಜೊತೆಗೂಡಿವೆ ಎಂದೇ ನನ್ನ ಎಣಿಕೆ. ಹೆಸರು ಮಾತ್ರ ಒಬ್ಬನದು.

ದೋಣಿಗಾರರಿಗೆ ಈ ಭಾರತೈಲ ವರವಾಯಿತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ದೋಣಿಯ ತಳದಲ್ಲಿ ಶೇಖರವಾಗಿ ಸಿಡಿಯುವ ಅಪಾಯವಿದೆ. ಡೀಸೆಲ್ ಸುಲಭವಾಗಿ ಹೊತ್ತುವುದಿಲ್ಲ. ಹ್ಯಾಲಿಫ್ಯಾಕ್ಸಿನ ಕೆಳಗಿನ ಸೋವರ್ಬಿ ಬ್ರಿಡ್ಜಿನಲ್ಲಿ, ಕಾಲ್ಡರ್ ಹೆಬಲ್ ಜಲಮಾರ್ಗವೂ ರಾಚ್‌ಡೇಲ್ ಕಾಲುವೆಯೂ ಸೇರುವೆಡೆ, ಸಾಲಾಗಿ ನಿಂತ ದೋಣಿಗಳೆಲ್ಲ ಹೆಚ್ಚು ಕಡಿಮೆ ಈ ಎಣ್ಣೆಯನ್ನೇ ನಂಬಿವೆ. ಹಾಯಿದೋಣಿಗೂ ಗಾಳಿ ಬೀಳದ ಹೊತ್ತಿನಲ್ಲಿ, ಬಂದರಿನ ಇಕ್ಕಟ್ಟಿನಲ್ಲಿ ಇದೇ ಗತಿ.

ಪಂಪಿನಿಂದ ಎಣ್ಣೆ ಚಿಮ್ಮಿಸುವ ಈ ಉಪಾಯ ನಮ್ಮ ಮೇಲೆ ಒಂದು ಹೊಣೆಯನ್ನೂ ಹೊರಿಸಿತು. ಪಂಪಿನ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನುಗಳಷ್ಟು; ತುಸು ಕೊಳೆ, ಒಂದು ಹನಿ ನೀರು ಸಾಕು, ಎಂಜಿನು ಮುನಿಯುತ್ತದೆ. ಅರ್ಧ ತುಂಬಿದ ಟ್ಯಾಂಕಿನ ಒಳಗೋಡೆಯಲ್ಲಿ ಚಳಿಯ ರಾತ್ರಿಗಳಲ್ಲಿ ತೇವ ಹನಿಗಟ್ಟಿ ತಳಕ್ಕಿಳಿಯುತ್ತದೆ. ನೀರೂ ಎಣ್ಣೆಯೂ ಸಂಧಿಸುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗಿ ಫಿಲ್ಟರನ್ನು ಕಟ್ಟಿಹಾಕುತ್ತವೆ. ಬ್ರಿಟನ್ನಿನ ರಸ್ತೆಯ ಡೀಸೆಲಿನಲ್ಲಿ ಶೇಕಡ 7ರವರೆಗೆ ಜೈವಿಕ ಡೀಸೆಲ್ ಇರಬಹುದು. ಅದು ನೀರನ್ನು ಹೆಚ್ಚು ಹೀರಿಕೊಳ್ಳುವುದರಿಂದ ದೀರ್ಘಕಾಲ ನಿಲ್ಲುವ ದೋಣಿಗೆ ಎಚ್ಚರ ಬೇಕು. ಆದ್ದರಿಂದ ಚಳಿಗಾಲಕ್ಕೆ ಮುನ್ನ ಟ್ಯಾಂಕನ್ನು ತುಂಬಿಸಿಡುವುದು, ವ್ಯಾಪಾರ ಚೆನ್ನಾಗಿರುವ ಕಡೆ ಹೊಸ ಎಣ್ಣೆ ಕೊಳ್ಳುವುದು, ಡೆಕ್ಕಿನ ಮುಚ್ಚಳದ ರಬ್ಬರು ಬಳೆಯನ್ನು ಪರೀಕ್ಷಿಸುವುದು, ಮಳೆಯಲ್ಲಿ ತುಂಬಿಸದಿರುವುದು, ನೀರು ಬೇರ್ಪಡಿಸುವ ಫಿಲ್ಟರಿನ ಬಟ್ಟಲನ್ನು ಆಗಾಗ ಬಸಿಯುವುದು ರೂಢಿಯಾಗಬೇಕು. ಕುಡಿಯುವ ನೀರಿನ ಬಾಯಿಗೂ ಎಣ್ಣೆಯ ಬಾಯಿಗೂ ಬೇರೆ ಬೇರೆ ಗುರುತಿರಲಿ. ತುಂಬಿಸುವಾಗ ಕೈ ನಿಧಾನವಾಗಿರಲಿ. ಚೆಲ್ಲಿದರೆ ಹೀರುವ ಬಟ್ಟೆಯಿಂದ ತೆಗೆಯಬೇಕು, ಸೋಪಿನ ನೀರಿನಿಂದ ಕಾಲುವೆಗೆ ತೊಳೆಯಬಾರದು.

ನಮ್ಮ ನಾಡಿನ ತೋಟ, ಗದ್ದೆಗಳಲ್ಲಿ ಪಂಪು ನಡೆಸಿದ ಆಯಿಲ್ ಎಂಜಿನುಗಳೂ ಈ ವಂಶದವೇ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಹೆಸರು ಹೊತ್ತ ಎಂಜಿನುಗಳನ್ನು ಕಾಣದ ಹಳ್ಳಿ ಕಡಿಮೆ. ಅಲ್ಲಿಯೂ ಹಿರಿಯರು ಬಟ್ಟೆಯಲ್ಲಿ ಸೋಸಿಯೇ ಎಣ್ಣೆ ಹೊಯ್ಯುತ್ತಿದ್ದರು. ಎಂಜಿನ್ನಿಗೆ ಹೊಟ್ಟೆ ಕೆಡಬಾರದೆಂಬ ವಿವೇಕ ಎರಡೂ ನಾಡಿನಲ್ಲಿ ಒಂದೇ.

ಅಕ್ರಾಯ್ಡ್ ಸ್ಟುವರ್ಟ್ 1900ರಲ್ಲಿ ಆಸ್ಟ್ರೇಲಿಯಕ್ಕೆ ತೆರಳಿ, ಸೋದರನೊಡನೆ ವ್ಯಾಪಾರಸಂಸ್ಥೆಯೊಂದನ್ನು ಕಟ್ಟಿದನು. 1927ರ ಫೆಬ್ರವರಿ 19ರಂದು ನಿಧನನಾದನು. ಹ್ಯಾಲಿಫ್ಯಾಕ್ಸಿನ ಆಲ್ ಸೋಲ್ಸ್ ಚರ್ಚಿನಲ್ಲಿ ಅವನ ಸಮಾಧಿಯಿದೆ. ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಯಲ್ಲಿ ಅವನ ಹೆಸರಿನ ಬಹುಮಾನವೊಂದು ಉಳಿದಿದೆ. ಎಣ್ಣೆಯ ಬಂಕಿನಲ್ಲಿ ಅವನ ಹೆಸರನ್ನು ಯಾರೂ ಉಚ್ಚರಿಸುವುದಿಲ್ಲ. ಆದರೂ ಕಿಡಿಯಿಲ್ಲದೆ ಹೊತ್ತಿಕೊಳ್ಳುವ ಪ್ರತಿಯೊಂದು ಎಂಜಿನಿನ ಮೊದಲ ಗುಡುಗಿನಲ್ಲಿ, ಆ ತವರದ ಪಾತ್ರೆಯ ಬೆಂಕಿಯ ಪಾಲೊಂದು ಇದ್ದೇ ಇದೆ.