ಹುಣಸೂರಿನ ಅರಸರ ಜಮಾ-ಖರ್ಚು

ಅಂಗಡಿ ಇಟ್ಟವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ದಿನಾ ಗಲ್ಲಾಪೆಟ್ಟಿಗೆ ತುಂಬಿದ್ದು ಕಂಡ ಮಾತ್ರಕ್ಕೆ ಲಾಭ ಅಂತ ಅಲ್ಲ. ವರ್ಷದ ಕೊನೆಗೆ ಖಾತೆ ಪುಸ್ತಕ ತೆಗೆದು ಜಮಾ ಎಷ್ಟು, ಖರ್ಚು ಎಷ್ಟು ಅಂತ ಕೂಡಿ ಕಳೆದಾಗಲೇ ನಿಜ ಗೊತ್ತಾಗೋದು. ರಾಜಕಾರಣಿಯ ಲೆಕ್ಕವೂ ಹಾಗೇ. ಬದುಕಿದ್ದಾಗ ಹಾರ ತುರಾಯಿ ಎಷ್ಟು ಬಿತ್ತು ಅನ್ನೋದು ಲೆಕ್ಕಕ್ಕೆ ಬರೋದಿಲ್ಲ. ಸತ್ತ ಮೇಲೆ ಏನು ಉಳೀತು ಅನ್ನೋದೇ ಲೆಕ್ಕ.

ಮೈಸೂರು ಜಿಲ್ಲೆ ಕಂಡ ರಾಜಕಾರಣಿಗಳಲ್ಲಿ ಇಂಥ ದೊಡ್ಡ ಖಾತೆ ಬಿಟ್ಟು ಹೋದವರು ಡಿ. ದೇವರಾಜ ಅರಸು. 1915ರ ಆಗಸ್ಟ್ 20ರಂದು ಹುಟ್ಟಿದವರು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಅವರ ಊರು. ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಓದಿ, ಪದವಿ ಮುಗಿಸಿ, ಸರ್ಕಾರಿ ನೌಕರಿಗೆ ಬಾಗಿಲು ಕಾಯದೆ ಹಳ್ಳಿಗೆ ವಾಪಸು ಬಂದು ಬೇಸಾಯಕ್ಕೆ ಇಳಿದ ಮನುಷ್ಯ. ಕುಸ್ತಿಯ ಹುಚ್ಚು ಇದ್ದವರು. ಅಖಾಡದಲ್ಲಿ ಕಲಿತ ಪಟ್ಟುಗಳು ಮುಂದೆ ರಾಜಕೀಯದಲ್ಲೂ ಕೆಲಸಕ್ಕೆ ಬಂದವು.

ಮೊದಲ ಗೆಲುವು

1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆರಿಸಿ ಬಂದಾಗ ಅರಸರಿಗೆ ಇನ್ನೂ ಇಪ್ಪತ್ತಾರರ ಆಸುಪಾಸು. ಆಗ ಮಹಾರಾಜರ ಕಾಲ. ಎಲ್ಲರಿಗೂ ಓಟಿರಲಿಲ್ಲ. ಕಂದಾಯ ಕಟ್ಟುವವರು, ಆಸ್ತಿ ಇದ್ದವರು, ಓದಿದವರು, ಇಷ್ಟು ಜನರದ್ದೇ ಸಾಮ್ರಾಜ್ಯ. ಹೊಲದಲ್ಲಿ ಬೆವರು ಸುರಿಸುವವನ ಹೆಸರು ಪಟ್ಟಿಯಲ್ಲೇ ಇಲ್ಲ.

1952ರಲ್ಲಿ ವಯಸ್ಸಿಗೆ ಬಂದವರಿಗೆಲ್ಲ ಓಟು ಬಂತು. ಅರಸು ಹುಣಸೂರಿನಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತರು, ಗೆದ್ದರು. 1957ರಲ್ಲಿ ಗೆದ್ದರು. 1962ರಲ್ಲೂ ಗೆದ್ದರು, 1967ರಲ್ಲೂ ಗೆದ್ದರು. ಇದರಲ್ಲಿ ವಿಶೇಷ ಏನಪ್ಪಾ ಅಂದರೆ, ಅರಸು ಜನಾಂಗ ಎಣಿಕೆಯಲ್ಲಿ ಬಹಳ ಸಣ್ಣದು. ಜಾತಿ ಲೆಕ್ಕ ಹಾಕಿ ಟಿಕೆಟ್ ಕೊಡುವ ರಾಜಕೀಯದಲ್ಲಿ ಸ್ವಂತ ಜಾತಿಯ ಓಟು ನಂಬಿಕೊಂಡಿದ್ದರೆ ಠೇವಣಿಯೂ ಉಳೀತಿರಲಿಲ್ಲ. ಬೇರೆಯವರ ಮನೆ ಜಗಲಿ ಮೇಲೆ ಕೂತು, ಅವರ ಕಷ್ಟ ಸುಖ ಕೇಳಿ ಓಟು ಸಂಪಾದಿಸಬೇಕಿತ್ತು. ಈ ಪಾಠವೇ ಮುಂದೆ ಇಡೀ ರಾಜ್ಯದ ರಾಜಕೀಯ ತಿರುಗಿಸಿತು.

ಹಿಂದಿನ ಬೆಂಚಿನಿಂದ ಮುಂದಕ್ಕೆ

1956ರಲ್ಲಿ ರಾಜ್ಯ ಒಂದಾದ ಮೇಲೆ ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ವೀರೇಂದ್ರ ಪಾಟೀಲ್ ಹೀಗೆ ಒಬ್ಬರಾದ ಮೇಲೆ ಒಬ್ಬರು ಮುಖ್ಯಮಂತ್ರಿಗಳಾದರು. ಎಲ್ಲರೂ ಲಿಂಗಾಯತರು. ಅದಕ್ಕೂ ಹಿಂದೆ ಹಳೇ ಮೈಸೂರಿನಲ್ಲಿ ಒಕ್ಕಲಿಗರ ಮಾತು ನಡೀತಿತ್ತು. ಉಳಿದ ನೂರಾರು ಜಾತಿಗಳಿಗೆ ಓಟು ಹಾಕುವ ಕೆಲಸ, ಅಷ್ಟೆ. ಅರಸು ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿಯಾಗಿದ್ದರು. ಆದರೆ 1968ರಲ್ಲಿ ವೀರೇಂದ್ರ ಪಾಟೀಲ್ ಬಂದಾಗ ಅವರು ಮುಂದಿನ ಸಾಲಿನ ಆಸಾಮಿ ಆಗಿರಲಿಲ್ಲ. ಐವತ್ತು ದಾಟಿದ್ದ ಅರಸರ ಕಥೆ ಇನ್ನು ಮುಗೀತು ಅಂತ ಬಹಳ ಜನ ಅಂದುಕೊಂಡರು.

1969ರಲ್ಲಿ ಕಾಂಗ್ರೆಸ್ ಎರಡು ಹೋಳಾಯಿತು. ಒಂದು ಕಡೆ ಇಂದಿರಾ ಗಾಂಧಿ, ಇನ್ನೊಂದು ಕಡೆ ಅವರನ್ನು ಪಕ್ಷದಿಂದ ಹೊರಗೆ ಹಾಕಿದ ನಿಜಲಿಂಗಪ್ಪ. ರಾಜ್ಯದ ಸರ್ಕಾರ, ಬಹುಪಾಲು ಶಾಸಕರು, ಪಕ್ಷದ ಕಚೇರಿ ಎಲ್ಲಾ ನಿಜಲಿಂಗಪ್ಪನವರ ಕಡೆ. ಅರಸು ಬೆರಳೆಣಿಕೆ ಜನರನ್ನು ಕಟ್ಟಿಕೊಂಡು ಇಂದಿರಾ ಕಡೆ ಹೊರಟರು. ಬುದ್ಧಿ ಇದ್ದವರು ನಕ್ಕರು.

ನಗು ಬಹಳ ದಿನ ಉಳೀಲಿಲ್ಲ. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಕ್ಕೆ 27ನ್ನೂ ಇಂದಿರಾ ಕಾಂಗ್ರೆಸ್ ಬಾಚಿಕೊಂಡಿತು. ವೀರೇಂದ್ರ ಪಾಟೀಲರ ಸರ್ಕಾರ ಉರುಳಿತು. 1972ರ ವಿಧಾನಸಭಾ ಚುನಾವಣೆಯಲ್ಲಿ 216ರಲ್ಲಿ 165 ಸ್ಥಾನ. ಆ ಸಲ ಅರಸು ತಾವು ನಿಲ್ಲಲಿಲ್ಲ, ಬೇರೆಯವರನ್ನು ನಿಲ್ಲಿಸಿದರು. ಹೆಸರೇ ಕೇಳದ ಸಣ್ಣ ಜಾತಿಗಳ ಹುಡುಗರಿಗೆ ಟಿಕೆಟ್ ಕೊಟ್ಟರು. ಗುಲ್ಬರ್ಗಾ ಕಡೆಯ ಮಲ್ಲಿಕಾರ್ಜುನ ಖರ್ಗೆ, ಕಾರ್ಕಳದ ವೀರಪ್ಪ ಮೊಯ್ಲಿ ಮೊದಲ ಸಲ ವಿಧಾನಸೌಧದ ಮೆಟ್ಟಿಲು ಹತ್ತಿದ್ದು ಆ ವರ್ಷವೇ. 1972ರ ಮಾರ್ಚ್ 20ರಂದು ಅರಸು ಮುಖ್ಯಮಂತ್ರಿಯಾದರು. ಆಮೇಲೆ ಹುಣಸೂರಿನಿಂದಲೇ ಉಪಚುನಾವಣೆಯಲ್ಲಿ ಗೆದ್ದು ಸದನಕ್ಕೆ ಬಂದರು. ಎರಡು ದೊಡ್ಡ ಕೋಮುಗಳ ಆಚೆಯವನೊಬ್ಬ ಆ ಕುರ್ಚಿ ಮೇಲೆ ಕೂತದ್ದು ಅದೇ ಮೊದಲು.

ಕೈ ಎತ್ತಿದ್ದು ಯಾವುದಕ್ಕೆ?

ಶಾಸಕನ ಯೋಗ್ಯತೆ ಅಳೆಯೋದು ಭಾಷಣದಿಂದ ಅಲ್ಲ, ಸದನದಲ್ಲಿ ಯಾವ ಮಸೂದೆಗೆ ಕೈ ಎತ್ತಿದ ಅನ್ನೋದರಿಂದ. ಅರಸರ ಲೆಕ್ಕದಲ್ಲಿ ಮೊದಲನೇದು ಭೂಸುಧಾರಣೆ. ಗೇಣಿ ಕಾನೂನು ಮೊದಲೂ ಇತ್ತು, 1961ರದ್ದು. ಕಾಗದದ ಮೇಲೆ ಇತ್ತು. ಅದಕ್ಕೆ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಕೊಟ್ಟ ಜಮೀನು ಆ ದಿನದಿಂದ ಸರ್ಕಾರದ್ದು. ಉಳುವವನು 7ನೇ ನಂಬರ್ ಫಾರಂ ತುಂಬಿ ಅರ್ಜಿ ಹಾಕಿದರೆ ಭೂ ನ್ಯಾಯಮಂಡಳಿ ವಿಚಾರಿಸಿ ಅವನ ಹೆಸರಿಗೆ ಮಾಡಬೇಕು.

ಈ ಕಾನೂನಿನ ಒಂದು ಚಾಲಾಕಿ ನೋಡಿ. ನ್ಯಾಯಮಂಡಳಿಗೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಜೊತೆಗೆ ಸರ್ಕಾರ ನೇಮಿಸಿದ ಸ್ಥಳೀಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ವರ್ಗದವರು. ವಕೀಲರಿಗೆ ಒಳಗೆ ಪ್ರವೇಶ ಇಲ್ಲ! ಕೋರ್ಟು ಕಚೇರಿ ಅಲೆಸಿ ಅಲೆಸಿ ಒಕ್ಕಲನ್ನು ಸುಸ್ತು ಮಾಡುವ ಧಣಿಯ ಹಳೇ ಆಟಕ್ಕೆ ಅಲ್ಲೇ ಬೀಗ. ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿ ಬಿದ್ದವು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಕಡೆ ತಲೆಮಾರುಗಳಿಂದ ಗೇಣಿ ಅಳೆದು ಬೆನ್ನು ಬಾಗಿದವರ ಹೆಸರು ಪಹಣಿಗೆ ಏರಿತು.

ಹಾಗಂತ ಎಲ್ಲರಿಗೂ ಭೂಮಿ ಸಿಕ್ತು ಅಂತ ಅಲ್ಲ. ಗೇಣಿ ಇದ್ದ ಕಡೆ ಒಕ್ಕಲಿಗೆ ಸಿಕ್ಕಿತು. ಗೇಣಿ ಕಡಿಮೆ ಇದ್ದ ಬಯಲು ಸೀಮೆಯ ಕೂಲಿಯವನಿಗೆ, ಅದರಲ್ಲೂ ಹೊಲಗೇರಿಯವನಿಗೆ ಕೈಗೆ ಬಂದದ್ದು ಅಲ್ಪ. ಮಿತಿ ಮೀರಿದ ಜಮೀನನ್ನು ಅಣ್ಣ ತಮ್ಮ, ಅಳಿಯ ಮಗಳ ಹೆಸರಿಗೆ ಹಂಚಿ ಉಳಿಸಿಕೊಂಡ ಜಾಣರೂ ಇದ್ದರು. ಇತ್ತ ಒಂದೆರಡು ಎಕರೆ ಗೇಣಿಗೆ ಕೊಟ್ಟು ಅದರಲ್ಲೇ ಹೊಟ್ಟೆ ಹೊರೆಯುತ್ತಿದ್ದ ವಿಧವೆಯರು, ಬಡ ಪುರೋಹಿತರು ಕಣ್ಣೀರು ಹಾಕಿದ್ದೂ ಉಂಟು. ಅದೂ ಖಾತೆಯಲ್ಲಿ ಬರಬೇಕಾದ ಬಾಬ್ತೇ.

ಎರಡನೇದು ಹಾವನೂರು ಆಯೋಗ. 1972ರಲ್ಲಿ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ನೇಮಿಸಿದರು. 1975ರಲ್ಲಿ ವರದಿ ಬಂತು, 1977ರಲ್ಲಿ ಮೀಸಲಾತಿ ಆದೇಶ ಹೊರಟಿತು. ಕುರುಬರ, ಈಡಿಗರ, ಬೆಸ್ತರ ಮಕ್ಕಳು ಕಾಲೇಜು, ಕಚೇರಿಗಳ ಒಳಗೆ ಕಾಲಿಡೋಕೆ ಇದೇ ದಾರಿ ಆಯಿತು. ಮೂರನೇದು ಸಾಲ ಪರಿಹಾರ ಕಾನೂನು. ಸಣ್ಣ ಹಿಡುವಳಿದಾರ, ಕೂಲಿಯವನ ಲೇವಾದೇವಿ ಸಾಲ ರದ್ದಾಯಿತು, ಅಡವಿಟ್ಟ ಪಾತ್ರೆ ಪರಡಿ ವಾಪಸು ಕೊಡಬೇಕಾಯಿತು. ಗಿರವಿ ಅಂಗಡಿಯವರು ಅರಸರನ್ನು ಯಾವ ಮಾತಿನಲ್ಲಿ ನೆನೆದರೋ ಅವರಿಗೇ ಗೊತ್ತು. ಇನ್ನು 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕ ಆದದ್ದು ಅವರ ಕಾಲದಲ್ಲೇ. ಮೈಸೂರು ಸೀಮೆಯ, ಅದೂ ಅರಸು ಮನೆತನದ ಮನುಷ್ಯ ಮೈಸೂರಿನ ಹೆಸರು ತೆಗೆದು ಆ ಹೆಸರಿಟ್ಟ!

ಖರ್ಚಿನ ಪುಟ

ಈಗ ಪುಟ ತಿರುಗಿಸಿ. ತುರ್ತುಪರಿಸ್ಥಿತಿ ಬಂದಾಗ ಅರಸು ಇಂದಿರಾ ಜೊತೆಗೇ ನಿಂತರು. ವಿರೋಧ ಪಕ್ಷದವರು ಜೈಲು ಸೇರಿದರು. ಇತ್ತ ನೆಂಟರಿಷ್ಟರಿಗೆ ಅನುಕೂಲ ಮಾಡಿಕೊಟ್ಟರು, ಲಂಚ ಹರಿಯಿತು ಅಂತ ಪುಕಾರು ಎದ್ದಿತು. 1977ರಲ್ಲಿ ದಿಲ್ಲಿಯಲ್ಲಿ ಜನತಾ ಸರ್ಕಾರ ಬಂತು, ಗ್ರೋವರ್ ಆಯೋಗ ಕೂತಿತು. ಅದನ್ನು ತಡೆಯೋಕೆ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು, ಸೋತಿತು. ಆಯೋಗ ಕೆಲವು ಆರೋಪಗಳಲ್ಲಿ ಅರಸರ ತಪ್ಪು ಇದೆ ಅಂತಲೇ ಹೇಳಿತು. ಬಡವರ ಪಕ್ಷಪಾತಿ ಅನ್ನೋ ಹೆಸರಿನ ಪಕ್ಕದಲ್ಲೇ ಈ ಕಲೆಯೂ ಉಳಿಯಿತು. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚೋಕೆ ಆಗದು.

1977ರ ಡಿಸೆಂಬರ್ 31ಕ್ಕೆ ಸರ್ಕಾರ ವಜಾ. ಆದರೆ 1978ರ ಫೆಬ್ರವರಿ ಚುನಾವಣೆಯಲ್ಲಿ ಜನ 224ರಲ್ಲಿ 149 ಸ್ಥಾನ ಕೊಟ್ಟು ಅರಸರನ್ನೇ ಮತ್ತೆ ಕೂರಿಸಿದರು. ಉತ್ತರ ಭಾರತದಲ್ಲಿ ನೆಲೆ ತಪ್ಪಿದ್ದ ಇಂದಿರಾಗೆ ಚಿಕ್ಕಮಗಳೂರು ಬಿಡಿಸಿಕೊಟ್ಟು ಅದೇ ವರ್ಷ ಲೋಕಸಭೆಗೆ ಕಳಿಸಿದ್ದೂ ಅರಸರೇ. ಎದುರಾಳಿ ಯಾರು? ಅದೇ ಹಳೇ ವೀರೇಂದ್ರ ಪಾಟೀಲ್.

ಉಪಕಾರ ಮಾಡಿದ್ದೇ ಮುಳುವಾಯಿತೋ ಏನೋ. ಒಂದೇ ಒರೆಯಲ್ಲಿ ಎರಡು ಕತ್ತಿ ಹಿಡಿಯಲಿಲ್ಲ. ಮುಖ್ಯಮಂತ್ರಿ ಪದವಿ, ಪಕ್ಷದ ರಾಜ್ಯಾಧ್ಯಕ್ಷ ಪದವಿ ಎರಡೂ ಅರಸರ ಕೈಯಲ್ಲಿದ್ದದ್ದು ಜಗಳಕ್ಕೆ ನೆಪ ಆಯಿತು. 1979ರಲ್ಲಿ ಇಂದಿರಾ ಅವರನ್ನು ಪಕ್ಷದಿಂದ ಹೊರಗೆ ಹಾಕಿದರು. ಬಹುಪಾಲು ಶಾಸಕರು ಅರಸರ ಹಿಂದೆಯೇ ಉಳಿದರು. 1980ರ ಜನವರಿ ತನಕ ಮಾತ್ರ. ಆ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ 27 ಇಂದಿರಾ ಪಾಲಾದವು. ಅರಸರ ಪಕ್ಷಕ್ಕೆ ಸೊನ್ನೆ. ಫಲಿತಾಂಶ ಬಂದದ್ದೇ ತಡ, ಅರಸು ಟಿಕೆಟ್ ಕೊಟ್ಟು ಬೆಳೆಸಿದ ಶಾಸಕರೇ ಗುಂಪು ಗುಂಪಾಗಿ ಆಚೆ ಕಡೆ ನಡೆದರು. ಆ ತಿಂಗಳೇ ಗುಂಡೂರಾವ್ ಮುಖ್ಯಮಂತ್ರಿ.

ಭೂಮಿ ಪಡೆದ ಒಕ್ಕಲೂ, ಮೀಸಲಾತಿ ಪಡೆದ ಮನೆಯವರೂ ಆ ಸಲ ಓಟು ಹಾಕಿದ್ದು ಇಂದಿರಾಗೆ. ಜಮೀನು ಅಮ್ಮ ಕೊಟ್ಟದ್ದು ಅಂತಲೇ ಬಹಳ ಜನ ತಿಳಿದಿದ್ದರು. ಹಾಗೆ ತಿಳಿಯುವಂತೆ ವರ್ಷಗಟ್ಟಲೆ ಊರೂರಿಗೆ ಹೋಗಿ ಹೇಳಿದ್ದವರೂ ಅರಸರೇ ಅಲ್ಲವೆ? ಅವರು ಬಿತ್ತಿದ ಹೆಸರು, ಬೆಳೆ ಇನ್ನೊಬ್ಬರ ಕಣಕ್ಕೆ ಹೋಯಿತು.

ಕ್ರಾಂತಿರಂಗ ಅಂತ ಹೊಸ ಪಕ್ಷ ಕಟ್ಟುವ ಓಡಾಟದಲ್ಲಿದ್ದಾಗಲೇ, 1982ರ ಜೂನ್ 6ರಂದು ಅರಸು ತೀರಿಕೊಂಡರು. ಏಳೇ ತಿಂಗಳಲ್ಲಿ, 1983ರ ಜನವರಿಯಲ್ಲಿ, ಅವರ ಕ್ರಾಂತಿರಂಗವೂ ಸೇರಿದ ಕೂಟ ಗೆದ್ದು ರಾಜ್ಯಕ್ಕೆ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ನೋಡೋಕೆ ಅವರು ಇರಲಿಲ್ಲ. ಇಂದಿರಾಗೆ ಬಿದ್ದ ಓಟು, ಅರಸರಿಗೆ ಬಿದ್ದ ಓಟು ಎಲ್ಲಾ ಪೆಟ್ಟಿಗೆ ಸೇರಿ ಮುಗಿದು ಹೋದವು. 7ನೇ ನಂಬರ್ ಫಾರಂ ಹಾಕಿ ಗೆದ್ದವನ ಪಹಣಿಯಲ್ಲಿ ಬರೆದ ಹೆಸರನ್ನು ಮಾತ್ರ ಯಾವ ಚುನಾವಣೆಯೂ ಅಳಿಸಲಿಲ್ಲ.