ಹಂಗಿನ ನಡುವೆ ಶಾಲೆ ಕಟ್ಟಿದ ಜಾನ್ ಡೂಬೆ

ನೆಲ್ಸನ್ ಮಂಡೇಲಾ ಅವರ ಪಕ್ಷವೆಂದೇ ನಾವು ಗುರುತಿಸುವ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿಗೆ ಮೊದಲ ಅಧ್ಯಕ್ಷರಾದವರು ಒಬ್ಬ ಶಾಲಾ ಮುಖ್ಯಸ್ಥರು. ಅವರ ಹೆಸರು ಜಾನ್ ಲಂಗಲಿಬಲೆಲೆ ಡೂಬೆ. ಶಾಲೆ, ಪತ್ರಿಕೆ, ರಾಜಕೀಯ ಸಂಘಟನೆ ಮೂರನ್ನೂ ಅವರು ಕಟ್ಟಿ ನಡೆಸಿದರು. ಸ್ವಂತ ಹಣವಿಲ್ಲದೆ, ಸರ್ಕಾರದ ಅನುಮಾನದ ಕಣ್ಣಿನಡಿ ಒಂದು ಶಾಲೆಯನ್ನು ಉಳಿಸಿಕೊಳ್ಳುವವರು ಎಷ್ಟು ದಿಟ್ಟವಾಗಿ ಮಾತನಾಡಬಲ್ಲರು ಎಂಬ ಪ್ರಶ್ನೆ ಅವರ ಬದುಕಿನುದ್ದಕ್ಕೂ ಬೆನ್ನು ಬಿಡಲಿಲ್ಲ. ಶಿಕ್ಷಕರಾಗಲು ಹೊರಟವರು ಈ ಜೀವನವನ್ನು ತಿಳಿಯಬೇಕಾದದ್ದು ಅದಕ್ಕಾಗಿಯೇ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಡೂಬೆ 1871ರಲ್ಲಿ ಡರ್ಬನ್ ನಗರದ ಸಮೀಪದ ಇನಾಂಡಾದಲ್ಲಿ ಹುಟ್ಟಿದರು. ಅದು ಆಗ ಬ್ರಿಟಿಷರ ನಟಾಲ್ ವಸಾಹತಿಗೆ ಸೇರಿತ್ತು. ತಂದೆ ಜೇಮ್ಸ್ ಡೂಬೆ ಜುಲು ಜನಾಂಗದ ಒಂದು ನಾಯಕ ಮನೆತನದವರು. ಅಮೆರಿಕನ್ ಮಿಷನ್ನಿನ ಪಾದ್ರಿಯಾಗಿದ್ದರು. ಮಿಷನ್ ಶಾಲೆಗಳಲ್ಲಿ ಓದಿದ ಜಾನ್, 1887ರಲ್ಲಿ ವಿಲ್ಕಾಕ್ಸ್ ಎಂಬ ಮಿಷನರಿಯ ಜೊತೆಗೆ ಅಮೆರಿಕಕ್ಕೆ ಹೊರಟಾಗ ಅವರಿಗೆ ಹದಿನಾರು ವರ್ಷ. ಓಹಾಯೋ ರಾಜ್ಯದ ಓಬರ್ಲಿನ್‌ನಲ್ಲಿ, ದುಡಿದು ತಮ್ಮ ಖರ್ಚನ್ನು ತಾವೇ ಹೊಂದಿಸಿಕೊಳ್ಳುತ್ತ ಕಲಿತರು. ತಮ್ಮ ನಾಡಿನ ಕುರಿತು ಅಲ್ಲಲ್ಲಿ ಉಪನ್ಯಾಸ ನೀಡಿ ಹಣ ಕೂಡಿಸುವುದನ್ನೂ ಅಲ್ಲಿಯೇ ಕಲಿತರು. ಮುಂದೆ ಶಾಲೆ ಕಟ್ಟುವಾಗ ಅವರ ಕೈ ಹಿಡಿದದ್ದು ಈ ಎರಡನೆಯ ವಿದ್ಯೆ.

ಊರಿಗೆ ಮರಳಿ 1894ರಲ್ಲಿ ನೊಕುಟೇಲಾ ಮ್ಡಿಮಾ ಅವರನ್ನು ಮದುವೆಯಾದರು. ನೊಕುಟೇಲಾ ಸಂಗೀತ ಬಲ್ಲ ಶಿಕ್ಷಕಿ. 1896ರಲ್ಲಿ ದಂಪತಿ ಮತ್ತೆ ಅಮೆರಿಕಕ್ಕೆ ಹೋದರು. ಅಲ್ಲಿ ಡೂಬೆ, ಗುಲಾಮರಾಗಿ ಹುಟ್ಟಿ ಶಿಕ್ಷಣ ತಜ್ಞರಾಗಿ ಬೆಳೆದ ಬುಕರ್ ವಾಷಿಂಗ್ಟನ್ ಅವರ ಟಸ್ಕೆಗೀ ಸಂಸ್ಥೆಯನ್ನು ಕಂಡರು. ಕಪ್ಪು ಜನರೇ ನಡೆಸುವ, ಓದಿನ ಜೊತೆಗೆ ಕೈಕಸುಬು ಕಲಿಸುವ ಆ ಸಂಸ್ಥೆ ಅವರಿಗೆ ಮಾದರಿಯಾಯಿತು.

ಓಹ್ಲಾಂಗೆ ಶಾಲೆ

1899ರಲ್ಲಿ ಹಿಂದಿರುಗಿದ ಡೂಬೆ ದಂಪತಿ, 1900–01ರ ಸುಮಾರಿಗೆ ಇನಾಂಡಾದ ಬಳಿ ಓಹ್ಲಾಂಗೆ ಎಂಬಲ್ಲಿ ಕೈಗಾರಿಕಾ ಶಾಲೆಯೊಂದನ್ನು ತೆರೆದರು. ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಜನಾಂಗದವರೇ ಸ್ಥಾಪಿಸಿದ ಮೊದಲ ಶಾಲೆಯೆಂದು ಇದು ಹೆಸರಾಗಿದೆ. ಆವರೆಗೆ ಆಫ್ರಿಕನ್ ಮಕ್ಕಳಿಗಿದ್ದ ಶಾಲೆಗಳೆಲ್ಲ ಬಹುಮಟ್ಟಿಗೆ ಮಿಷನರಿಗಳ ಕೈಯಲ್ಲಿದ್ದವು. ಏನು ಕಲಿಸಬೇಕು, ಯಾರು ಕಲಿಸಬೇಕು ಎಂಬುದನ್ನು ಅವರೇ ತೀರ್ಮಾನಿಸುತ್ತಿದ್ದರು. ಓಹ್ಲಾಂಗೆಯಲ್ಲಿ ಆ ತೀರ್ಮಾನ ಆಫ್ರಿಕನ್ನರದಾಯಿತು.

ಶಾಲೆಯಲ್ಲಿ ಪಠ್ಯವಿಷಯಗಳ ಜೊತೆಗೆ ಬಡಗಿ ಕೆಲಸ, ಚಪ್ಪಲಿ ತಯಾರಿಕೆ, ಬೇಸಾಯ, ಮುದ್ರಣಗಳನ್ನು ಕಲಿಸುತ್ತಿದ್ದರು. ನೊಕುಟೇಲಾ ಸಂಗೀತ ಕಲಿಸಿ ಶಾಲೆಯ ಗಾಯನ ತಂಡವನ್ನು ಬೆಳೆಸಿದರು. ಜುಲು ಹಾಡುಗಳನ್ನು ಕೂಡಿಸಿ ದಂಪತಿ 1911ರಲ್ಲಿ ಪುಸ್ತಕವನ್ನೂ ಹೊರತಂದರು. ಇಂದು ದಕ್ಷಿಣ ಆಫ್ರಿಕಾದ ರಾಷ್ಟ್ರಗೀತೆಯ ಭಾಗವಾಗಿರುವ, ಇನಾಕ್ ಸೊಂಟೊಂಗಾ ರಚಿಸಿದ ಗೀತೆಯನ್ನು ಜನರಲ್ಲಿ ಹರಡಿದವರಲ್ಲಿ ಓಹ್ಲಾಂಗೆಯ ಗಾಯಕರೂ ಸೇರಿದ್ದರು.

ಕೈಕಸುಬಿನ ಶಿಕ್ಷಣಕ್ಕೆ ಎರಡು ಮುಖಗಳಿದ್ದವು. ಆಫ್ರಿಕನ್ನರು ಬಿಳಿಯರಿಗೆ ಒಳ್ಳೆಯ ಕೆಲಸಗಾರರಾದರೆ ಸಾಕು ಎನ್ನುವವರಿಗೂ ಅದು ಹಿಡಿಸುತ್ತಿತ್ತು. ಡೂಬೆಯವರ ಗುರಿ ಬೇರೆ. ಕಲಿತವನು ತನ್ನ ನೆಲದಲ್ಲಿ, ತನ್ನ ಅಂಗಡಿಯಲ್ಲಿ, ತನ್ನ ಅಚ್ಚುಕೂಟದಲ್ಲಿ ದುಡಿಯಬೇಕು, ಯಾರ ಹಂಗಿಗೂ ಬೀಳಬಾರದು ಎಂಬುದು ಅವರ ಆಸೆ. ಆದರೆ ಆ ಸ್ವಾವಲಂಬನೆಯನ್ನು ಕಲಿಸುವ ಶಾಲೆಯೇ ಅಮೆರಿಕದ ದಾನಿಗಳ ಮತ್ತು ನಟಾಲಿನ ಕೆಲವು ಬಿಳಿಯ ಹಿತೈಷಿಗಳ ಹಂಗಿನಲ್ಲಿ ನಡೆಯಬೇಕಾಗಿತ್ತು.

ಪತ್ರಿಕೆ ಮತ್ತು ಅದರ ಬೆಲೆ

1903ರಲ್ಲಿ ಡೂಬೆ ಇಲಾಂಗಾ ಲಾಸೆ ನಟಾಲ್ ಎಂಬ ಪತ್ರಿಕೆಯನ್ನು ಆರಂಭಿಸಿದರು. ನಟಾಲಿನ ಸೂರ್ಯ ಎಂದು ಅದರ ಅರ್ಥ. ಜುಲು ಮತ್ತು ಇಂಗ್ಲಿಷ್ ಎರಡರಲ್ಲೂ ಬರುತ್ತಿದ್ದ ಈ ಪತ್ರಿಕೆ ಇಂದಿಗೂ ಇಲಾಂಗಾ ಎಂಬ ಹೆಸರಿನಲ್ಲಿ ಪ್ರಕಟವಾಗುತ್ತಿದೆ.

1906ರಲ್ಲಿ ನಟಾಲ್ ಸರ್ಕಾರ ಹೊಸ ತಲೆಗಂದಾಯವನ್ನು ವಸೂಲಿ ಮಾಡತೊಡಗಿದಾಗ ಬಂಬಾಟಾ ಎಂಬ ನಾಯಕನ ಮುಂದಾಳತ್ವದಲ್ಲಿ ದಂಗೆ ಎದ್ದಿತು. ಸೈನ್ಯ ಅದನ್ನು ಹತ್ತಿಕ್ಕಿದಾಗ ಸಾವಿರಾರು ಆಫ್ರಿಕನ್ನರು ಸತ್ತರು. ಸರ್ಕಾರದ ನಡೆಯನ್ನು ಟೀಕಿಸಿದ ಡೂಬೆಯವರನ್ನು ಗವರ್ನರ್ ಕರೆಸಿಕೊಂಡು ಎಚ್ಚರಿಸಿದರು. ಡೂಬೆ ತಮ್ಮ ಪತ್ರಿಕೆಯಲ್ಲೇ ಬರಹವನ್ನು ಹಿಂತೆಗೆದುಕೊಳ್ಳಬೇಕಾಯಿತು. ಪತ್ರಿಕೆ ಉಳಿಯಿತು, ಶಾಲೆಯೂ ಉಳಿಯಿತು. ಆದರೂ ದಂಗೆಯ ಹೊಣೆಯನ್ನು ಜುಲು ದೊರೆ ಮನೆತನದ ದಿನುಜುಲು ಅವರ ಮೇಲೆ ಹೊರಿಸಿ ವಿಚಾರಣೆ ನಡೆಸಿದಾಗ ಡೂಬೆ ಅವರ ಬೆಂಬಲಕ್ಕೆ ನಿಂತರು.

ಗಾಂಧೀಜಿಯವರು 1904ರಲ್ಲಿ ಸ್ಥಾಪಿಸಿದ ಫೀನಿಕ್ಸ್ ಆಶ್ರಮ ಓಹ್ಲಾಂಗೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿತ್ತು. ಗಾಂಧೀಜಿ 1905ರಲ್ಲಿ ಡೂಬೆಯವರ ಭಾಷಣ ಕೇಳಿ ಇಂಡಿಯನ್ ಒಪಿನಿಯನ್ ಪತ್ರಿಕೆಯಲ್ಲಿ ಮೆಚ್ಚಿ ಬರೆದರು. 1912ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಬಂದ ಗೋಪಾಲಕೃಷ್ಣ ಗೋಖಲೆಯವರು ಓಹ್ಲಾಂಗೆಗೂ ಭೇಟಿ ಕೊಟ್ಟರು. ಆದರೆ ನೆರೆಹೊರೆಯ ಈ ಇಬ್ಬರ ಹೋರಾಟಗಳು ಒಂದಾಗಲಿಲ್ಲ. ಗಾಂಧೀಜಿ ಭಾರತೀಯರ ಹೋರಾಟವನ್ನು ಪ್ರತ್ಯೇಕವಾಗಿಯೇ ಇಟ್ಟರು. ಡೂಬೆಯವರಿಗೂ ಭಾರತೀಯ ವ್ಯಾಪಾರಿಗಳ ಬಗ್ಗೆ ಅಸಮಾಧಾನವಿತ್ತು.

ಕಾಂಗ್ರೆಸ್ಸಿನ ಅಧ್ಯಕ್ಷತೆ

1912ರ ಜನವರಿ 8ರಂದು ಬ್ಲೂಮ್‌ಫಾಂಟೇನ್ ನಗರದಲ್ಲಿ ಸೇರಿದ ಆಫ್ರಿಕನ್ ಮುಖಂಡರು, ಮುಂದೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಆದ ಸಂಘಟನೆಯನ್ನು ಸ್ಥಾಪಿಸಿದರು. ಡೂಬೆ ಆ ಸಭೆಯಲ್ಲಿ ಇರಲೇ ಇಲ್ಲ. ಆದರೂ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. ಮರುವರ್ಷವೇ ಭೂ ಕಾಯ್ದೆ ಬಂತು. ದೇಶದ ಜನಸಂಖ್ಯೆಯ ಮೂರರಲ್ಲಿ ಎರಡು ಪಾಲಿನಷ್ಟಿದ್ದ ಆಫ್ರಿಕನ್ನರಿಗೆ ಮೀಸಲಾದದ್ದು ಶೇಕಡ 7ರಷ್ಟು ನೆಲ ಮಾತ್ರ. ಅದರಾಚೆ ಅವರು ಭೂಮಿ ಕೊಳ್ಳುವಂತಿರಲಿಲ್ಲ. 1914ರಲ್ಲಿ ಡೂಬೆ ನಿಯೋಗದೊಡನೆ ಲಂಡನ್ನಿಗೆ ಹೋಗಿ ಮನವಿ ಸಲ್ಲಿಸಿದರು, ಫಲ ಸಿಗಲಿಲ್ಲ.

ಜನಾಂಗಗಳನ್ನು ಬೇರ್ಪಡಿಸುವ ತತ್ವವನ್ನು, ನೆಲದ ಹಂಚಿಕೆ ನ್ಯಾಯವಾಗಿದ್ದರೆ ಒಪ್ಪಲು ಡೂಬೆ ಸಿದ್ಧರಿದ್ದಾರೆ ಎಂಬ ಆರೋಪ ಕಾಂಗ್ರೆಸ್ಸಿನ ಒಳಗಿನಿಂದಲೇ ಬಂತು. 1917ರಲ್ಲಿ ಅವರು ಅಧ್ಯಕ್ಷ ಸ್ಥಾನ ಕಳೆದುಕೊಂಡರು.

ಅದೇ ವರ್ಷದ ಆರಂಭದಲ್ಲಿ ನೊಕುಟೇಲಾ ಜೋಹಾನ್ಸ್‌ಬರ್ಗ್‌ನಲ್ಲಿ ತೀರಿಕೊಂಡರು. ಶಾಲೆಯ ವಿದ್ಯಾರ್ಥಿನಿಯೊಬ್ಬಳಿಗೆ ಡೂಬೆಯವರಿಂದ ಮಗುವಾದ ಮೇಲೆ ದಂಪತಿ ದೂರವಾಗಿದ್ದರು. ಗುರುವಿನ ಮೇಲಿನ ನಂಬಿಕೆಗೆ ಬಿದ್ದ ಈ ಪೆಟ್ಟನ್ನು ಅವರ ಸಾಧನೆಯ ಹೆಸರಿನಲ್ಲಿ ಮುಚ್ಚಿಡುವಂತಿಲ್ಲ. ಶಾಲೆಯ ಸಹಸ್ಥಾಪಕಿಯಾದ ನೊಕುಟೇಲಾ ಅವರ ಸಮಾಧಿ ದಶಕಗಳ ಕಾಲ ಹೆಸರಿಲ್ಲದೆ ಉಳಿಯಿತು; 2013ರಲ್ಲಷ್ಟೇ ಅಲ್ಲಿ ಸ್ಮಾರಕ ಶಿಲೆ ನಿಂತಿತು.

ಕೊನೆಯ ವರ್ಷಗಳು

ಆಮೇಲೆ ಡೂಬೆ ಹೆಚ್ಚಾಗಿ ನಟಾಲಿನಲ್ಲೇ ಉಳಿದು ಶಾಲೆಗೂ ಬರವಣಿಗೆಗೂ ತೊಡಗಿಕೊಂಡರು. ಶಾಕಾ ದೊರೆಯ ಕಾಲವನ್ನು ಕುರಿತ ಅವರ ಇನ್ಸಿಲಾ ಕಾಶಾಕಾ ಜುಲು ಭಾಷೆಯ ಮೊದಲ ಕಾದಂಬರಿಯೆಂದು ಗಣನೆಗೆ ಬಂದಿದೆ. 1936ರಲ್ಲಿ ದಕ್ಷಿಣ ಆಫ್ರಿಕಾ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1946ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಮುಂದೆ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಆಲ್ಬರ್ಟ್ ಲುಟುಲಿ ಸ್ವಲ್ಪ ಕಾಲ ಓಹ್ಲಾಂಗೆಯ ವಿದ್ಯಾರ್ಥಿಯಾಗಿದ್ದರು. 1994ರ ಏಪ್ರಿಲ್ 27ರಂದು, ಎಲ್ಲ ಜನಾಂಗದವರಿಗೂ ಮತ ಸಿಕ್ಕ ಮೊದಲ ಚುನಾವಣೆಯಲ್ಲಿ, ಮಂಡೇಲಾ ತಮ್ಮ ಜೀವನದ ಮೊದಲ ಮತ ಹಾಕಲು ಆರಿಸಿಕೊಂಡದ್ದು ಇದೇ ಶಾಲೆಯನ್ನು. ಅಲ್ಲಿಯೇ ಇರುವ ಡೂಬೆಯವರ ಸಮಾಧಿಗೂ ಹೋಗಿ, ದೇಶ ಸ್ವತಂತ್ರವಾಯಿತೆಂದು ಮೊದಲ ಅಧ್ಯಕ್ಷರಿಗೆ ವರದಿ ಒಪ್ಪಿಸಿದರು.

ತರಗತಿಯಲ್ಲಿ

ಗಾಂಧೀಜಿಯವರ ದಕ್ಷಿಣ ಆಫ್ರಿಕಾದ ದಿನಗಳನ್ನು ಪಾಠ ಮಾಡುವಾಗ ಪ್ರಶಿಕ್ಷಣಾರ್ಥಿಗಳು ಈ ನೆರೆಯವರ ಕಥೆಯನ್ನೂ ಸೇರಿಸಿಕೊಳ್ಳಬಹುದು. 1906ರಲ್ಲಿ ಡೂಬೆ ಬರಹವನ್ನು ಹಿಂತೆಗೆದುಕೊಂಡದ್ದು ಸರಿಯೇ ಎಂದು ಮಕ್ಕಳನ್ನು ಕೇಳಿ, ಎರಡು ಗುಂಪು ಮಾಡಿ ಚರ್ಚಿಸಲು ಬಿಡಿ. ಹಿಂತೆಗೆಯದಿದ್ದರೆ ಶಾಲೆಯ ಗತಿ ಏನಾಗುತ್ತಿತ್ತು, ಹಿಂತೆಗೆದದ್ದರಿಂದ ಓದುಗರ ನಂಬಿಕೆ ಏನಾಯಿತು ಎಂದು ಎರಡೂ ಕಡೆಯವರು ಯೋಚಿಸಲಿ. ಉತ್ತರವನ್ನು ಶಿಕ್ಷಕರು ಮೊದಲೇ ಹೇಳಿಬಿಡಬಾರದು. ಸಂಸ್ಥೆಯ ಉಳಿವು ಮತ್ತು ಮಾತಿನ ಸ್ವಾತಂತ್ರ್ಯಗಳ ನಡುವಿನ ಈ ತೂಗಾಟ ಒಂದಲ್ಲ ಒಂದು ದಿನ ಅವರ ಎದುರಿಗೂ ಬರುತ್ತದೆ.